ಮೂರು ದಿನದ ಅವಕಾಶ: ಯುವಜನರ ಖರ್ಚು ಮತ್ತು ಮನೆಯ ಲೆಕ್ಕ



ಈ ವರದಿಯ ಮುಂದಿನ ಪುಟಗಳಲ್ಲಿ ಟ್ರಸ್ಟ್ ತನ್ನ ಒಂದು ವರ್ಷದ ಲೆಕ್ಕವನ್ನು ನಿಮ್ಮ ಮುಂದಿಡುತ್ತದೆ. ಎಷ್ಟು ಬಂತು, ಯಾವುದಕ್ಕೆ ಹೋಯಿತು, ಎಷ್ಟು ಉಳಿಯಿತು ಎಂಬುದನ್ನು ತಿಳಿಸುವುದು ನಮ್ಮ ಮೇಲಿನ ಅಮಾನತ್. ನಾಳೆ ಪರಲೋಕದಲ್ಲಿ ಪ್ರತಿಯೊಬ್ಬನೂ ಇಂತಹದೇ ಲೆಕ್ಕ ಒಪ್ಪಿಸಬೇಕು. ಸಂಪತ್ತಿನ ಬಗ್ಗೆ ಅಂದು ಎರಡು ಪ್ರಶ್ನೆಗಳಿರುತ್ತವೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ: ಅದು ಎಲ್ಲಿಂದ ಬಂತು ಮತ್ತು ಯಾವುದಕ್ಕೆ ಹೋಯಿತು. ಮೊದಲ ಪ್ರಶ್ನೆಯ ಬಗ್ಗೆ ನಮ್ಮ ಮಸೀದಿಗಳಲ್ಲಿ ಸಾಕಷ್ಟು ಉಪದೇಶಗಳಾಗಿವೆ. ಎರಡನೆಯದರ ಬಗ್ಗೆ ನಾವು ಮಾತಾಡುವುದು ಕಡಿಮೆ. ಈ ಬಾರಿಯ ಅಧ್ಯಯನ ಲೇಖನ ಅದರ ಕುರಿತು.

ಸಂದರ್ಶನದ ದಿನ ನಡೆದದ್ದು

ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಪದವಿ ಓದುತ್ತಿರುವ ಒಬ್ಬ ಹುಡುಗ ತಾಯಿಯ ಜೊತೆ ಬಂದಿದ್ದ. ಅಂಕಗಳು ಚೆನ್ನಾಗಿದ್ದವು. ಆದರೆ ಹಿಂದಿನ ಕಂತಿನಲ್ಲಿ ಪರೀಕ್ಷಾ ಶುಲ್ಕಕ್ಕೆಂದು ಕೊಟ್ಟ ಹಣ ಕಾಲೇಜಿಗೆ ತಲುಪಿರಲಿಲ್ಲ. ಪಾಸ್‌ಬುಕ್ ನೋಡಿದಾಗ ಅದು ಮೊಬೈಲ್ ಫೋನಿನ ಇಎಂಐಗೆ ಹೋಗಿತ್ತು. ಫೋನಿನ ಬೆಲೆ 24,000 ರೂಪಾಯಿ, ತಿಂಗಳಿಗೆ 2,000ದಂತೆ 12 ಕಂತು. ರಾತ್ರಿ ಹನ್ನೊಂದು ಗಂಟೆಗೆ ಆಫರ್ ಮುಗಿಯಲು ಹತ್ತು ನಿಮಿಷ ಇದೆ ಎಂಬ ಸೂಚನೆ ಕಂಡು ಖರೀದಿಸಿದ್ದನಂತೆ.

"ನಿನ್ನ ತಂದೆಯ ಸಂಬಳ ಎಷ್ಟು?" ಎಂದು ಕೇಳಿದೆವು. "ಗೊತ್ತಿಲ್ಲ. ಗಲ್ಫ್‌ನಲ್ಲಿದ್ದಾರಲ್ಲ, ತೊಂದರೆ ಇಲ್ಲ" ಎಂದ. ಆದರೆ ಅರ್ಜಿಯಲ್ಲಿ ತಾಯಿ ಬರೆಸಿದ್ದು ಬೇರೆಯೇ ಆಗಿತ್ತು. ತಂದೆ ಅಲ್ಲಿ ಚಾಲಕ. ಮಗಳ ಮದುವೆಗೆ ಮಾಡಿದ ಸಾಲ ಇನ್ನೂ ತೀರಿಲ್ಲ. ಹಿಂದಿನ ಎರಡು ತಿಂಗಳು ಮನೆ ನಡೆದದ್ದು ತಾಯಿ ತನ್ನ ಬಳೆ ಅಡವಿಟ್ಟು ತಂದ ಹಣದಲ್ಲಿ.

ಹುಡುಗ ತಲೆ ತಗ್ಗಿಸಿದ. ತಾಯಿ, "ಗೊತ್ತಾದರೆ ಓದಿನಲ್ಲಿ ಮನಸ್ಸು ನಿಲ್ಲುವುದಿಲ್ಲ ಅಂತ ಹೇಳಲಿಲ್ಲ ಸಾರ್" ಎಂದರು. ಹುಡುಗ ಮೆಲ್ಲನೆ, "ಹೇಳಿದ್ದರೆ ನಾನು ತೆಗೆದುಕೊಳ್ಳುತ್ತಿರಲಿಲ್ಲ ಉಮ್ಮಾ" ಎಂದ.

ಅಂದು ಸಮಿತಿಯಲ್ಲಿ ಚರ್ಚೆಯಾಯಿತು. ದಾನಿಗಳ ಹಣವನ್ನು ಹೀಗೆ ಕಳೆದವನಿಗೆ ಮತ್ತೆ ಕೊಡಬಾರದು ಎಂದರು ಕೆಲವರು. ಶುಲ್ಕ ಕಟ್ಟದಿದ್ದರೆ ಒಂದು ವರ್ಷವೇ ಹೋಗುತ್ತದೆ ಎಂದರು ಇನ್ನು ಕೆಲವರು. ಏನು ತೀರ್ಮಾನಿಸಿದೆವು ಎಂಬುದನ್ನು ಕೊನೆಯಲ್ಲಿ ಹೇಳುತ್ತೇವೆ. ಅದಕ್ಕೂ ಮೊದಲು, ಆ ಮನೆಯಲ್ಲಿ ತಪ್ಪಿದ್ದು ಎಲ್ಲಿ ಎಂಬುದನ್ನು ನಮ್ಮ ದೀನ್‌ನ ಬೆಳಕಿನಲ್ಲಿ ನೋಡೋಣ.

ಇಸ್ರಾಫ್ ಮತ್ತು ತಬ್ದೀರ್

ದುಂದುವೆಚ್ಚಕ್ಕೆ ಕುರ್‌ಆನ್ ಎರಡು ಪದಗಳನ್ನು ಬಳಸುತ್ತದೆ. ಇಸ್ರಾಫ್ ಎಂದರೆ ಮಿತಿ ಮೀರುವುದು. ತಿನ್ನಿರಿ, ಕುಡಿಯಿರಿ, ಆದರೆ ಮಿತಿ ಮೀರಬೇಡಿರಿ ಎಂಬ ಆದೇಶ (7:31) ಈ ಪದದಲ್ಲಿದೆ. ತಿನ್ನುವುದು ಹಲಾಲ್, ಉಡುವುದು ಹಲಾಲ್. ಹಲಾಲ್ ಆದುದರಲ್ಲಿಯೂ ಮಿತಿ ಇದೆ. ತಬ್ದೀರ್ ಎಂದರೆ ಹಣವನ್ನು ಬೀಜ ಚೆಲ್ಲಿದಂತೆ ಚೆಲ್ಲುವುದು, ಸಲ್ಲದ ಕಡೆ ಸುರಿಯುವುದು. ಹೀಗೆ ಮಾಡುವವರನ್ನು ಕುರ್‌ಆನ್ ಶೈತಾನನ ಸಹೋದರರೆಂದು ಕರೆದಿದೆ (17:26-27). ಈ ಮಾತು ಬಂದ ಜಾಗವನ್ನು ಗಮನಿಸಬೇಕು. ಬಂಧುಗಳಿಗೆ, ಬಡವರಿಗೆ, ಪ್ರಯಾಣಿಕರಿಗೆ ಅವರ ಹಕ್ಕನ್ನು ಕೊಡಿರಿ ಎಂದ ಬೆನ್ನಿಗೇ ಅದು ಬರುತ್ತದೆ. ಅಂದರೆ ಚೆಲ್ಲಿದ ಹಣ ಖರ್ಚು ಮಾಡಿದವನದು ಮಾತ್ರವಲ್ಲ. ಅದರಲ್ಲಿ ಇನ್ನೊಬ್ಬರ ಪಾಲೂ ಇತ್ತು.

ಹಾಗೆಂದು ಜಿಪುಣತನವನ್ನು ಇಸ್ಲಾಮ್ ಕಲಿಸಿಲ್ಲ. ಕೈಯನ್ನು ಕೊರಳಿಗೆ ಕಟ್ಟಿಕೊಳ್ಳಲೂಬೇಡ, ಪೂರ್ತಿ ಚಾಚಲೂಬೇಡ ಎಂಬುದು ಅದೇ ಅಧ್ಯಾಯದ ಬೋಧನೆ (17:29). ಕರುಣಾಮಯನ ದಾಸರ ಗುಣಗಳನ್ನು ಹೇಳುವಾಗ, ಅವರ ಖರ್ಚು ಈ ಎರಡರ ನಡುವಿನ ಹದದಲ್ಲಿರುತ್ತದೆ ಎಂದು ಹೇಳಲಾಗಿದೆ (25:67). ರಾತ್ರಿಯ ನಮಾಝಿನ ಜೊತೆಗೆ ಖರ್ಚಿನ ಹದವೂ ಅದೇ ಪಟ್ಟಿಯಲ್ಲಿ ಸೇರಿದೆ ಎಂಬುದು ನಮ್ಮ ಯುವಕರಿಗೆ ಗೊತ್ತಿರಬೇಕು.

ಆಸೆಯಾದ ಕೂಡಲೇ ಕೊಳ್ಳುವ ಅಭ್ಯಾಸದ ಬಗ್ಗೆ ಇಮಾಮ್ ಮಾಲಿಕ್ ಅವರ ಮುವತ್ತದಲ್ಲಿ ಒಂದು ಘಟನೆ ಇದೆ. ಜಾಬಿರ್(ರ) ಮಾಂಸ ಹಿಡಿದು ಹೋಗುತ್ತಿದ್ದುದನ್ನು ಕಂಡ ಖಲೀಫಾ ಉಮರ್(ರ) ಇದೇನೆಂದು ವಿಚಾರಿಸಿದರು. ತಿನ್ನಬೇಕೆಂದು ಆಸೆಯಾಯಿತು, ಒಂದು ದಿರ್ಹಮ್‌ಗೆ ಕೊಂಡೆ ಎಂದರು ಅವರು. ಉಮರ್(ರ), ನೆರೆಯವನ ಮತ್ತು ಸಂಬಂಧಿಕನ ಹಸಿವನ್ನು ಮರೆತು ತನ್ನ ಹೊಟ್ಟೆಯನ್ನಷ್ಟೇ ನೋಡಿಕೊಳ್ಳಬಾರದೆಂದು ಎಚ್ಚರಿಸಿದರು. ಮಾಂಸ ಹರಾಮ್ ಆಗಿರಲಿಲ್ಲ, ಒಂದು ದಿರ್ಹಮ್ ದೊಡ್ಡ ಮೊತ್ತವೂ ಆಗಿರಲಿಲ್ಲ. ಆಸೆ ಮತ್ತು ಖರೀದಿಯ ನಡುವೆ ಒಂದು ಯೋಚನೆ ಇರಬೇಕು ಎಂಬುದಷ್ಟೇ ಅದರ ಪಾಠ.

ಆತುರವನ್ನು ಹುಟ್ಟಿಸುವವರು

ನಮ್ಮ ಹಿರಿಯರು ಪೇಟೆಗೆ ಹೋಗಿ, ನೋಡಿ, ಚೌಕಾಸಿ ಮಾಡಿ, ಜೇಬಿನಿಂದ ನೋಟು ಎಣಿಸಿ ಕೊಟ್ಟು ಖರೀದಿಸುತ್ತಿದ್ದರು. ಪ್ರತಿ ಹಂತದಲ್ಲೂ ಬೇಡ ಎನ್ನಲು ಸಮಯವಿತ್ತು. 2016ರಲ್ಲಿ ಯುಪಿಐ ಬಂದ ಮೇಲೆ ಹಣ ಕೊಡುವುದು ಕೆಲವು ಸೆಕೆಂಡುಗಳ ಕೆಲಸವಾಯಿತು. ಇದರಿಂದ ನಮಗೆ ಬಹಳ ಅನುಕೂಲವಾಗಿದೆ. ಈ ಟ್ರಸ್ಟ್‌ನ ಎಷ್ಟೋ ದೇಣಿಗೆಗಳು ಅದರ ಮೂಲಕವೇ ಬರುತ್ತವೆ. ಆದರೆ ನೋಟು ಕೈಬಿಡುವಾಗ ಆಗುತ್ತಿದ್ದ ಸಣ್ಣ ಸಂಕಟ ಈಗ ಇಲ್ಲ. ದಿನಕ್ಕೆ 60 ರೂಪಾಯಿಯ ಜ್ಯೂಸು, ಶವರ್ಮಾ, ರೀಚಾರ್ಜು ಎಂದರೆ ಯಾರಿಗೂ ಹೊರೆ ಅನಿಸುವುದಿಲ್ಲ. ವರ್ಷದ ಕೊನೆಗೆ ಅದು 21,900 ರೂಪಾಯಿ.

ಮಾರುವವರೂ ಸುಮ್ಮನಿಲ್ಲ. ಗ್ರಾಹಕರನ್ನು ದಾರಿ ತಪ್ಪಿಸುವ ಆನ್‌ಲೈನ್ ತಂತ್ರಗಳ ಕುರಿತು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿ, ಅಂತಹ 13 ತಂತ್ರಗಳನ್ನು ಹೆಸರಿಸಿ ನಿಷೇಧಿಸಿತು. ಎರಡೇ ಉಳಿದಿವೆ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ ಎಂದು ಸುಳ್ಳು ಆತುರ ಹುಟ್ಟಿಸುವುದು ಅದರಲ್ಲಿ ಮೊದಲನೆಯದು. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಬೇಡ ಎಂದವನನ್ನು ನಾಚಿಸುವುದು, ಚಂದಾದಾರಿಕೆಯಿಂದ ಹೊರಬರುವ ದಾರಿಯನ್ನು ಕಷ್ಟ ಮಾಡುವುದು ಸಹ ಆ ಪಟ್ಟಿಯಲ್ಲಿವೆ. ಹಾಗಾಗಿ ನಮ್ಮ ಮಕ್ಕಳ ಆತುರ ಪೂರ್ತಿ ಅವರ ದೌರ್ಬಲ್ಯವಲ್ಲ. ಅದನ್ನು ಹುಟ್ಟಿಸಲು ಹೊರಗೆ ದೊಡ್ಡ ಏರ್ಪಾಡೇ ಇದೆ. ಬೈಯುವ ಮುನ್ನ ಹೆತ್ತವರು ಇದನ್ನು ನೆನಪಿಡಬೇಕು.

'ಬಡ್ಡಿ ಇಲ್ಲದ' ಕಂತು

ಬಡ್ಡಿ ಹರಾಮ್ ಎಂದು ನಮ್ಮ ಎಲ್ಲ ಮಕ್ಕಳಿಗೂ ಗೊತ್ತು. ಆದರೆ 'ನೋ ಕಾಸ್ಟ್ ಇಎಂಐ' ಎಂಬ ಹೆಸರು ಕಂಡಾಗ, ಇದರಲ್ಲಿ ಬಡ್ಡಿ ಇಲ್ಲವಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಒಳಗಿನ ಲೆಕ್ಕ ಹೀಗಿರಬಹುದು. 24,000 ರೂಪಾಯಿಯ ಫೋನಿಗೆ ಅಂಗಡಿ 1,500 ರೂಪಾಯಿ ರಿಯಾಯಿತಿ ಕೊಡುತ್ತದೆ. ಬ್ಯಾಂಕು ಉಳಿದ 22,500 ರೂಪಾಯಿಯನ್ನು ಸುಮಾರು ಶೇ. 12ರ ಬಡ್ಡಿಗೆ ಸಾಲವಾಗಿ ಬರೆದುಕೊಳ್ಳುತ್ತದೆ. 2,000ದ 12 ಕಂತುಗಳಲ್ಲಿ ಅಸಲೂ 1,500 ರೂಪಾಯಿ ಬಡ್ಡಿಯೂ ವಸೂಲಾಗುತ್ತವೆ. ಆ ಬಡ್ಡಿಯ ಮೇಲೆ ಶೇ. 18ರ ಜಿಎಸ್‌ಟಿ 270 ರೂಪಾಯಿ ಮತ್ತು ಸಂಸ್ಕರಣಾ ಶುಲ್ಕವನ್ನು ಖರೀದಿಸಿದವನು ಕೊಡುತ್ತಾನೆ. ಹೆಸರಿನಲ್ಲಿ ಇಲ್ಲದ ಬಡ್ಡಿ ಒಪ್ಪಂದದಲ್ಲಿದೆ. ಶೂನ್ಯ ಬಡ್ಡಿ ಎಂಬ ಕಲ್ಪನೆಯೇ ಅಸ್ತಿತ್ವದಲ್ಲಿಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಹೇಳಿತ್ತು.

ಕಂತಿನ ವ್ಯಾಪಾರವೇ ನಿಷಿದ್ಧ ಎಂದು ಇದರ ಅರ್ಥವಲ್ಲ. ಅಂತರರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ 1990ರಲ್ಲಿ ಜಿದ್ದಾದ ಅಧಿವೇಶನದಲ್ಲಿ ಇದನ್ನು ಚರ್ಚಿಸಿತು. ಮಾರುವವನು ನಗದು ಬೆಲೆಗಿಂತ ಕಂತಿನ ಬೆಲೆಯನ್ನು ಹೆಚ್ಚಿಡಬಹುದು, ಆದರೆ ವ್ಯಾಪಾರ ಕುದುರುವಾಗ ಒಂದೇ ಬೆಲೆ ಖಚಿತವಾಗಬೇಕು; ಕಂತು ತಡವಾದರೆ ಅದರ ಮೇಲೆ ಹೆಚ್ಚುವರಿ ವಸೂಲಿ ಮಾಡುವುದು ಬಡ್ಡಿ ಎಂದು ನಿರ್ಣಯಿಸಿತು. ಊರಿನ ಅಂಗಡಿಯವರು ಒಂದು ಬೆಲೆ ಹೇಳಿ ನಾಲ್ಕು ತಿಂಗಳಲ್ಲಿ ಕೊಡು ಎನ್ನುವುದಕ್ಕೂ, ಬ್ಯಾಂಕಿನ ಸಾಲ ಒಪ್ಪಂದಕ್ಕೂ ಇರುವ ವ್ಯತ್ಯಾಸ ಇದು. ಸಂದೇಹವಿದ್ದರೆ ಒಪ್ಪಂದದ ಪ್ರತಿಯನ್ನು ಊರಿನ ಆಲಿಮ್‌ಗಳಿಗೆ ತೋರಿಸಿ, ಕೇಳಿ.

ಕ್ರೆಡಿಟ್ ಕಾರ್ಡಿನ ಬಾಕಿ ಇದಕ್ಕಿಂತ ಭಾರ. ತಿಂಗಳಿಗೆ ಶೇ. 3.5ರ ದರದಲ್ಲಿ 20,000 ರೂಪಾಯಿ ಬಾಕಿ ಇದ್ದರೆ ಬಡ್ಡಿ 700, ಅದರ ಮೇಲಿನ ಜಿಎಸ್‌ಟಿ 126, ಒಟ್ಟು 826 ರೂಪಾಯಿ. ಆ ತಿಂಗಳು ಕಷ್ಟಪಟ್ಟು 1,000 ಕಟ್ಟಿದರೂ ಅಸಲಿನಲ್ಲಿ ಇಳಿಯುವುದು 174 ರೂಪಾಯಿ ಮಾತ್ರ. ಪ್ರವಾದಿವರ್ಯರು(ಸ) ತಮ್ಮ ಪ್ರಾರ್ಥನೆಗಳಲ್ಲಿ ಸಾಲದ ಹೊರೆಯಿಂದ ಅಲ್ಲಾಹನ ಅಭಯ ಬೇಡುತ್ತಿದ್ದರು. ಸಾಲ ಉಳಿಸಿ ತೀರಿಕೊಂಡ ಒಬ್ಬರ ಜನಾಝಾ ನಮಾಝಿಗೆ ಅವರು ಮುಂದಾಗಲಿಲ್ಲ. ಅಬೂ ಕತಾದ(ರ) ಆ ಸಾಲವನ್ನು ತಮ್ಮ ಮೇಲೆ ಹೊತ್ತುಕೊಂಡ ಬಳಿಕವೇ ನಮಾಝ್ ನಿರ್ವಹಿಸಿದರು. ಸಾಲ ಅಷ್ಟು ಗಂಭೀರ ವಿಷಯ.

ಮೂರು ದಿನದ ಆಯ್ಕೆ

ಖರೀದಿಯಲ್ಲಿ ಪದೇ ಪದೇ ಮೋಸ ಹೋಗುತ್ತಿದ್ದ ಒಬ್ಬ ಸಹಾಬಿಯ ವಿಷಯ ಪ್ರವಾದಿವರ್ಯರ(ಸ) ಮುಂದೆ ಬಂತು. ವ್ಯಾಪಾರ ಮಾಡುವಾಗ 'ಮೋಸವಿರಬಾರದು' ಎಂಬ ಷರತ್ತನ್ನು ಬಾಯಿಬಿಟ್ಟು ಹೇಳುವಂತೆ ಅವರು ಕಲಿಸಿದರು. ಕೊಂಡ ವಸ್ತುವಿನ ಬಗ್ಗೆ ಮೂರು ರಾತ್ರಿಗಳ ಆಯ್ಕೆಯನ್ನೂ ಕೊಟ್ಟರು ಎಂದು ಇಬ್ನು ಮಾಜಾ ಮುಂತಾದವರ ವರದಿಗಳಲ್ಲಿದೆ. ಆ ವ್ಯಕ್ತಿಯನ್ನು ಯಾರೂ ದಡ್ಡನೆಂದು ಹೀಗಳೆಯಲಿಲ್ಲ. ಅವರ ದೌರ್ಬಲ್ಯಕ್ಕೆ ತಕ್ಕ ಒಂದು ಬೇಲಿಯನ್ನು ಕಟ್ಟಿಕೊಡಲಾಯಿತು. ಖರೀದಿಯನ್ನು ರದ್ದು ಮಾಡುವ ಈ ಹಕ್ಕಿಗೆ ಫಿಕ್ಹ್‌ನಲ್ಲಿ 'ಖಿಯಾರ್' ಎನ್ನುತ್ತಾರೆ. ಷರತ್ತಿನ ಖಿಯಾರ್‌ಗೆ ಇಮಾಮ್ ಅಬೂ ಹನೀಫಾ ಮತ್ತು ಇಮಾಮ್ ಶಾಫಿಈ ಮೂರು ದಿನಗಳ ಮಿತಿ ಹೇಳಿದ್ದಾರೆ.

ಇದನ್ನೇ ನಾವು ಮನೆಯ ಅಭ್ಯಾಸವಾಗಿ ಮಾಡಿಕೊಳ್ಳಬಹುದು. ಮಾರುವವನು ಮೂರು ದಿನ ಕೊಡದಿದ್ದರೆ ನಮಗೆ ನಾವೇ ಕೊಟ್ಟುಕೊಳ್ಳೋಣ. ದಿನಸಿ, ಔಷಧ, ಪ್ರಯಾಣದಂತಹ ಅಗತ್ಯಗಳನ್ನು ಬಿಟ್ಟು, ಮನೆಯವರು ಒಪ್ಪಿದ ಒಂದು ಮೊತ್ತಕ್ಕಿಂತ ಹೆಚ್ಚಿನ ಯಾವ ಖರೀದಿಯನ್ನೂ ಆಸೆಯಾದ ದಿನ ಮಾಡಬೇಡಿ. ಚೀಟಿಯಲ್ಲಿ ಬರೆದಿಡಿ. ಮೂರು ರಾತ್ರಿ ಕಳೆದ ಮೇಲೂ ಅದು ಬೇಕೆನಿಸಿದರೆ, ಕೈಯಲ್ಲಿ ಹಣವಿದ್ದರೆ, ಬಿಸ್ಮಿಲ್ಲಾಹ್ ಹೇಳಿ ಕೊಳ್ಳಿ. ಎಷ್ಟೋ ಚೀಟಿಗಳನ್ನು ನೀವೇ ಹರಿದು ಹಾಕುವಿರಿ.

ರುಶ್ದ್: ಮನೆಯಲ್ಲಿ ಕಲಿಸಬೇಕಾದ ವಿವೇಕ

ಅನಾಥರ ಆಸ್ತಿಯ ಬಗ್ಗೆ ಕುರ್‌ಆನ್ ಕೊಟ್ಟ ಸೂಚನೆ ಪ್ರತಿ ತಂದೆತಾಯಿಗೂ ಪಾಠ (4:5-6). ವಿವೇಕ ಬಾರದವರ ಕೈಗೆ ಸಂಪತ್ತನ್ನು ಒಪ್ಪಿಸಬೇಡಿ; ಆದರೆ ಅವರನ್ನು ಪರೀಕ್ಷಿಸುತ್ತಿರಿ, ವಿವೇಕ ಕಂಡಾಗ ಅವರದನ್ನು ಅವರಿಗೆ ಸಾಕ್ಷಿಗಳ ಮುಂದೆ ಒಪ್ಪಿಸಿಬಿಡಿ. ಹಣವನ್ನು ನಿಭಾಯಿಸುವ ಈ ವಿವೇಕಕ್ಕೆ ಕುರ್‌ಆನ್ 'ರುಶ್ದ್' ಎಂದಿದೆ. ಅದು ವಯಸ್ಸಿನ ಜೊತೆ ತಾನಾಗಿ ಬರುವುದಿಲ್ಲ. ಪರೀಕ್ಷಿಸಬೇಕಾದರೆ ಸ್ವಲ್ಪ ಹಣ ಕೈಗೆ ಕೊಡಬೇಕು, ತಪ್ಪಲು ಬಿಡಬೇಕು, ಲೆಕ್ಕ ಕೇಳಬೇಕು.

ನಮ್ಮ ಎಷ್ಟೋ ಮನೆಗಳಲ್ಲಿ ಇದರ ವಿರುದ್ಧ ನಡೆಯುತ್ತದೆ. ಗಂಡುಮಕ್ಕಳಿಗೆ ಕೇಳಿದ್ದನ್ನೆಲ್ಲ ಕೊಡಿಸುತ್ತೇವೆ, ಕಷ್ಟವನ್ನು ಮಾತ್ರ ಮುಚ್ಚಿಡುತ್ತೇವೆ. ಹೆಣ್ಣುಮಕ್ಕಳಿಗೆ ಮನೆಯ ಕಷ್ಟವೆಲ್ಲ ಗೊತ್ತಿರುತ್ತದೆ, ಆದರೆ ಕೈಗೆ ಹಣ ಕೊಟ್ಟು ಲೆಕ್ಕ ಕಲಿಸುವುದಿಲ್ಲ. ಮಗುವಿಗೆ ಎದೆಹಾಲು ಬಿಡಿಸುವ ವಿಷಯದಲ್ಲೂ ತಂದೆತಾಯಿ ಪರಸ್ಪರ ಸಮಾಲೋಚಿಸಬೇಕೆಂದು ಕುರ್‌ಆನ್ ಹೇಳುತ್ತದೆ (2:233). ಹಾಗಿರುವಾಗ ವರ್ಷದ ಸಾಲ, ಸಂಬಳ, ಶುಲ್ಕದ ಬಗ್ಗೆ ಮನೆಯಲ್ಲಿ ಮಾತುಕತೆ ಬೇಡವೇ? ತಂದೆ ಮರುಭೂಮಿಯ ಬಿಸಿಲಿನಲ್ಲಿ ಎಷ್ಟು ಗಂಟೆ ದುಡಿದರೆ 2,000 ರೂಪಾಯಿ ಆಗುತ್ತದೆ ಎಂದು ತಿಳಿದ ಮಗ, ಹತ್ತು ನಿಮಿಷದ ಆಫರ್‌ಗೆ ಅಷ್ಟು ಸುಲಭವಾಗಿ ಬೀಳಲಾರ.

ಚಿನ್ನದ ಬಗ್ಗೆಯೂ ಒಂದು ಮಾತು. ಮಹರ್ ಹೆಣ್ಣಿನ ಹಕ್ಕು (4:4). ತಾಯಿಯ, ಹೆಂಡತಿಯ ಆಭರಣ ಅವರ ಸ್ವಂತ ಸೊತ್ತು. ಮಗನ ಬೈಕಿಗೋ ಗಂಡನ ಕಂತಿಗೋ ಅದನ್ನು ಅಡವಿಡಲು ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ. ಅವರು ಮನಸಾರೆ ಕೊಟ್ಟರೆ ಅದು ಔದಾರ್ಯ. ತೆಗೆದುಕೊಂಡವನ ಮೇಲೆ ಅದು ಸಾಲವೇ ಎಂದಾದರೆ ಬರೆದಿಡಬೇಕು. ಸಾಲವನ್ನು ಬರೆದಿಡಿ ಎಂದು ಹೇಳುವ ಸೂಕ್ತವೇ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ (2:282). ಅದರಲ್ಲಿ ಮನೆಯವರ ನಡುವಿನ ಸಾಲಕ್ಕೆ ವಿನಾಯಿತಿ ಇಲ್ಲ.

ಹಿರಿಯರಿಗೆ

ಯುವಕರನ್ನು ಮಾತ್ರ ದೂರುವುದು ನ್ಯಾಯವಲ್ಲ. ಮೇಲೆ ಹೇಳಿದ ಮನೆಯಲ್ಲಿ ಫೋನಿನ ಸಾಲ 24,000 ರೂಪಾಯಿ. ಮದುವೆಯ ಸಾಲ ಅದರ ಎಷ್ಟೋ ಪಟ್ಟು. ಆ ಸಭಾಂಗಣ, ಆ ಊಟದ ಬಗೆಗಳು, ಆ ಅಲಂಕಾರ ಹುಡುಗ ಆರಿಸಿದ್ದಲ್ಲ. ನೆಂಟರು ಏನೆಂದಾರು ಎಂಬ ಭಯಕ್ಕೆ ನಾವು ಲಕ್ಷಗಳನ್ನು ಸುರಿದರೆ, ಗೆಳೆಯರು ಏನೆಂದಾರು ಎಂಬ ಭಯಕ್ಕೆ ಮಕ್ಕಳು ಸಾವಿರಗಳನ್ನು ಸುರಿಯುತ್ತಾರೆ. ಪಾಠ ಒಂದೇ, ಕಲಿಸಿದವರು ನಾವೇ. ಸಫಿಯ್ಯಾ(ರ) ಅವರ ವಲೀಮಾದಲ್ಲಿ ಪ್ರವಾದಿವರ್ಯರು(ಸ) ಖರ್ಜೂರ, ಗಟ್ಟಿ ಮೊಸರು ಮತ್ತು ತುಪ್ಪವನ್ನು ಬಡಿಸಿದ್ದರು. ಅನುಕೂಲವಿದ್ದವನು ಅದಕ್ಕೆ ತಕ್ಕಂತೆ, ಇಲ್ಲದವನು ಅಲ್ಲಾಹನು ಕೊಟ್ಟುದರಲ್ಲಿ ಖರ್ಚು ಮಾಡಲಿ ಎಂಬುದು ಕುರ್‌ಆನಿನ ಅಳತೆಗೋಲು (65:7).

ದಾನಿಗಳಿಗೆ

"ದೊಡ್ಡ ಫೋನ್ ಇರುವವನಿಗೆ ಝಕಾತ್ ಏಕೆ?" ಎಂದು ಕೆಲವು ದಾನಿಗಳು ಕೇಳುತ್ತಾರೆ. ಪ್ರಶ್ನೆ ಸಹಜವೇ. ಆದರೆ ಇಂದು ತರಗತಿಯ ಟಿಪ್ಪಣಿ, ಅರ್ಜಿ, ಫಲಿತಾಂಶ ಎಲ್ಲವೂ ಫೋನಿನಲ್ಲೇ ಬರುತ್ತವೆ. ಫೋನ್ ಇರುವುದರಿಂದ ಬಡತನ ಸುಳ್ಳಾಗುವುದಿಲ್ಲ. ಮನೆಯ ಒಟ್ಟು ಸ್ಥಿತಿ ನೋಡಿ ತೀರ್ಮಾನಿಸಬೇಕು. ಅಲ್ಲದೆ ಝಕಾತ್ ಅರ್ಹನ ಕೈ ಸೇರಿದ ಮೇಲೆ ಅದು ಅವನದೇ ಸೊತ್ತು. ಪ್ರತಿ ರೂಪಾಯಿಯ ಬೆನ್ನು ಹತ್ತಿ ಅವನ ಮಾನ ಕಳೆಯುವ ಅಧಿಕಾರ ನಮಗಿಲ್ಲ. ಅದೇ ಸಮಯದಲ್ಲಿ ನಿಮ್ಮ ಅಮಾನತ್ ಶಿಕ್ಷಣಕ್ಕೇ ಸಲ್ಲುವಂತೆ ನೋಡಿಕೊಳ್ಳುವ ಹೊಣೆಯೂ ನಮ್ಮದು.

ಆ ಹುಡುಗನ ವಿಷಯದಲ್ಲಿ ಸಮಿತಿ ನೆರವನ್ನು ನಿಲ್ಲಿಸಲಿಲ್ಲ. ಅವನಿಂದಲೇ ಒಪ್ಪಿಗೆಪತ್ರ ಬರೆಸಿಕೊಂಡು, ಅವನ ಪರವಾಗಿ ಶುಲ್ಕವನ್ನು ನೇರವಾಗಿ ಕಾಲೇಜಿಗೆ ಕಟ್ಟಿತು. ಉಳಿದ ಕಂತುಗಳನ್ನು ರಜೆಯಲ್ಲಿ ದುಡಿದು ತೀರಿಸುವುದಾಗಿ ಅವನು ತಾಯಿಯ ಮುಂದೆ ಹೇಳಿದ. ಅಂದು ರಾತ್ರಿ ತಂದೆಗೆ ಕರೆ ಮಾಡಿ ಎಲ್ಲವನ್ನೂ ತಿಳಿಸಿದನೆಂದು ಆಮೇಲೆ ತಾಯಿ ಹೇಳಿದರು. ತಂದೆ ಬೈಯಲಿಲ್ಲವಂತೆ. ತನ್ನ ಸಂಬಳ ಎಷ್ಟೆಂದು ಮೊದಲ ಬಾರಿಗೆ ಮಗನಿಗೆ ಹೇಳಿದರಂತೆ.

ಮನೆಯವರು ಕೂತು ಮಾಡುವ ಅಭ್ಯಾಸ

ತಿಂಗಳಿಗೊಮ್ಮೆ, ಶುಕ್ರವಾರ ಅಸರ್ ಬಳಿಕ ಅರ್ಧ ಗಂಟೆ ಸಾಕು. ಗಲ್ಫ್‌ನಲ್ಲಿರುವವರು ವಿಡಿಯೋ ಕರೆಯಲ್ಲಿ ಸೇರಲಿ.

1. ತಿಂಗಳ ಆದಾಯ ಮತ್ತು ಇರುವ ಸಾಲ ಎಷ್ಟೆಂದು ಎಲ್ಲರ ಮುಂದೆ ಬರೆಯಿರಿ. ಪ್ರೌಢಶಾಲೆ ದಾಟಿದ ಮಕ್ಕಳು ಜೊತೆಗಿರಲಿ.

2. ಕಳೆದ ತಿಂಗಳ ಖರ್ಚನ್ನು ಮೂರು ಕಾಲಂಗಳಲ್ಲಿ ಹಂಚಿರಿ. ಇಮಾಮ್ ಗಝ್ಝಾಲಿ ಮತ್ತು ಇಮಾಮ್ ಶಾತಿಬಿ ವಿವರಿಸಿದ ಮೂರು ಮಟ್ಟಗಳು ಇಲ್ಲಿ ನೆರವಾಗುತ್ತವೆ: ಇಲ್ಲದಿದ್ದರೆ ಬದುಕು ನಡೆಯದ್ದು (ಝರೂರಿಯ್ಯಾತ್), ಇಲ್ಲದಿದ್ದರೆ ಕಷ್ಟವಾಗುವುದು (ಹಾಜಿಯ್ಯಾತ್), ಇದ್ದರೆ ಚೆಂದ ಎನ್ನುವುದು (ತಹ್ಸೀನಿಯ್ಯಾತ್). ವಿದ್ಯಾರ್ಥಿಗೆ ಫೋನ್ ಎರಡನೆಯದು. ಹಳೆಯದು ಸರಿಯಿರುವಾಗ ಹೊಸ ಮಾದರಿ ಮೂರನೆಯದು.

3. ಯಾವ ಮೊತ್ತಕ್ಕಿಂತ ಮೇಲೆ ಮೂರು ದಿನ ಕಾಯಬೇಕೆಂದು ಎಲ್ಲರೂ ಸೇರಿ ನಿರ್ಧರಿಸಿರಿ. ಇದು ಹಿರಿಯರಿಗೂ ಅನ್ವಯಿಸಲಿ.

4. ಯೂಸುಫ್(ಅ) ಸಮೃದ್ಧಿಯ ಏಳು ವರ್ಷಗಳಲ್ಲಿ ಬರದ ಏಳು ವರ್ಷಗಳಿಗೆ ಧಾನ್ಯ ಉಳಿಸುವಂತೆ ಹೇಳಿದ್ದನ್ನು (12:47-48) ಓದಿರಿ. ಎಷ್ಟು ಸಣ್ಣದಾದರೂ ಸರಿ, ತಿಂಗಳ ಮೊದಲ ದಿನವೇ ಒಂದು ಮೊತ್ತವನ್ನು ತೆಗೆದಿಡಿರಿ.

5. ಮನೆಯ ಒಂದು ಖರ್ಚನ್ನು, ವಿದ್ಯುತ್ ಬಿಲ್ಲನ್ನೋ ತರಕಾರಿಯನ್ನೋ, ಮಗ ಅಥವಾ ಮಗಳಿಗೆ ವಹಿಸಿ ತಿಂಗಳ ಕೊನೆಗೆ ಲೆಕ್ಕ ಕೇಳಿರಿ.

6. ಸದಖಾಕ್ಕೆ ಹತ್ತು ರೂಪಾಯಿಯಾದರೂ ಇರಲಿ. ಪಡೆಯುವ ಮನೆಯೂ ಕೊಡುವ ಮನೆಯಾಗಬಹುದು.

ಈ ಹಾಳೆಯನ್ನು ವಿದ್ಯಾರ್ಥಿವೇತನದ ಅರ್ಜಿಯೊಂದಿಗೆ ಲಗತ್ತಿಸಬೇಕಾಗಿಲ್ಲ. ಅದು ಷರತ್ತಲ್ಲ, ನಾವು ಅದನ್ನು ನೋಡುವುದೂ ಇಲ್ಲ. ಅದು ನಿಮ್ಮ ಮನೆಯಲ್ಲೇ ಇರಲಿ. ಸಾಲದಲ್ಲಿ ಸಿಲುಕಿರುವ ವಿದ್ಯಾರ್ಥಿಗಳು ಮಾತ್ರ ದಯವಿಟ್ಟು ಅದನ್ನು ಮುಚ್ಚಿಡಬೇಡಿ. ಸಾಲಗಾರರು ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸೇರಿದ್ದಾರೆ (9:60). ಬೇಗ ಹೇಳಿದರೆ ದಾರಿ ಹುಡುಕುವುದು ಸುಲಭ.

ಅಲ್ಲಾಹನು ನಮ್ಮ ಗಳಿಕೆಯನ್ನು ಹಲಾಲ್ ಆಗಿಸಲಿ, ಖರ್ಚಿನಲ್ಲಿ ಹದವನ್ನು ಕಲಿಸಲಿ, ದಾನಿಗಳ ಸಂಪತ್ತಿನಲ್ಲಿಯೂ ಮಕ್ಕಳ ವಿದ್ಯೆಯಲ್ಲಿಯೂ ಬರಕತ್ ಕರುಣಿಸಲಿ. ಆಮೀನ್.